ಜೂನ್ ಮೂವತ್ತೊಂದರ ಭೇಟಿ

“‘ಕಷ್ಟ’ ಅನ್ನೋ ಪದ ತೆಗಿ,” ಅಂದ ಅಣ್ಣ.

ಪೆನ್ನಮ್ಮ ಕಾಗದದಿಂದ ತಲೆಯೆತ್ತಲಿಲ್ಲ. ಒಂದೂವರೆ ಗಂಟೆಯಲ್ಲಿ ಇದು ನಾಲ್ಕನೆಯ ಕರಡು. ಮೊದಲನೆಯದರಲ್ಲಿ ‘ಸಂಪಾದನೆ ಕುಸಿದಿದೆ’ ಎಂಬುದು ಅವನಿಗೆ ಹಿಡಿಸಲಿಲ್ಲ. ಎರಡನೆಯದರಲ್ಲಿ ‘ದಯವಿಟ್ಟು’ ಎರಡು ಸಲ ಬಂತೆಂದು ತಕರಾರು. ಮೂರನೆಯದನ್ನು ಓದಿ, ನಮ್ಮದು ಮರ್ಯಾದಸ್ಥ ಮನೆತನ, ಯಾರ ಹಂಗಿನಲ್ಲೂ ಇಲ್ಲ ಎಂದು ಒಂದು ಸಾಲು ಸೇರಿಸು ಎಂದಿದ್ದ.

“ಅಣ್ಣ, ಇದರ ಹೆಸರೇ ಕಷ್ಟದ ಅರ್ಜಿ. ನಾನಿಟ್ಟ ಹೆಸರಲ್ಲ, ಕಂಪನಿಯವರು ಇಟ್ಟಿರೋದು. ಕಷ್ಟದಲ್ಲಿರೋರು ಕಂತು ಕಡಿಮೆ ಮಾಡಿ ಅಂತ ಕೇಳೋ ಅರ್ಜಿ. ಅದರಿಂದ ಕಷ್ಟ ತೆಗೆದುಬಿಟ್ರೆ ಉಳಿಯೋದು ನಿನ್ನ ವಿಳಾಸ ಮಾತ್ರ.”

“ತಾತ್ಕಾಲಿಕ ಅಡಚಣೆ ಅಂತ ಹಾಕು.”

“ಎಂಥ ಅಡಚಣೆ?”

“ಅಡಚಣೆ ಅಂದ್ರೆ ಅಡಚಣೆ. ಅದರಲ್ಲೇನು ಎಂಥದ್ದು?”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ತಕ್ಷಣ ಅದರ ಗಾಜಿಗೆ ಬಿಳಿ ಪುಡಿ ಮೆತ್ತಿಕೊಂಡಿತು. ಆ ಕೋಣೆಯಲ್ಲಿ ಏನಿಟ್ಟರೂ ಅದೇ ಗತಿ. ಅಣ್ಣ ಹಲ್ಲಿನ ಸೆಟ್ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿಕೊಂಡು, ಅದರ ಮೇಲೆ ಮೇಣದಲ್ಲಿ ಹಲ್ಲು ಕೆತ್ತಿ, ಆಮೇಲೆ ನಿಜವಾದ ಸೆಟ್ ಮಾಡಿ ಕೊಡಬೇಕು. ಗೋಡೆಯ ಹಲಗೆಗಳ ಮೇಲೆ ನಂಬರ್ ಬರೆದ ಪ್ಲಾಸ್ಟರ್ ದವಡೆಗಳು ಸಾಲಾಗಿ ಬಾಯ್ತೆರೆದು ಕೂತಿದ್ದವು. ಮೂಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ಬಿಳಿ ಡಬ್ಬದಂಥ ಒಂದು ಯಂತ್ರ. ಪಿಂಗಾಣಿ ಹಲ್ಲು ಬೇಯಿಸುವ ಒಲೆ. ಇಷ್ಟೆಲ್ಲ ರಾಮಾಯಣಕ್ಕೆ ಮೂಲ ಆ ಒಲೆ.

ಪೆನ್ನಮ್ಮ ಎನ್ನುವುದು ಅವಳ ನಿಜವಾದ ಹೆಸರಲ್ಲ. ಶಾಲೆಯ ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ಕರಡು ತಿದ್ದುತ್ತಿದ್ದಳು. ಕಿವಿಯ ಹಿಂದೆ ಸದಾ ಒಂದು ಕೆಂಪು ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಮೆಶಿನ್ನಿನವರು ಇಟ್ಟ ಹೆಸರು ಅದು. ಮದುವೆಯ ಗೋಜಿಗೆ ಹೋದವಳಲ್ಲ. ಮೂರು ಬೀದಿ ಆಚೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಅಣ್ಣನಿಗೆ ಮಾತ್ರ ಈ ಐವತ್ತೆರಡನೆಯ ವಯಸ್ಸಿನಲ್ಲೂ ಅವಳು ‘ಪುಟ್ಟಿ’. ಕಾಗದ ಪತ್ರ ಏನೇ ಇದ್ದರೂ “ಪುಟ್ಟಿ ನೋಡ್ಕೋತಾಳೆ” ಎಂದು ಅವಳ ತಲೆಗೆ ಕಟ್ಟಿ, ಅವಳು ನೋಡಿಕೊಂಡ ಮೇಲೆ ಹಾಗಲ್ಲ ಹೀಗೆ ಎನ್ನುವುದು ಅವನ ಅಭ್ಯಾಸ.

ಎರಡು ವರ್ಷದ ಹಿಂದೆ ಒಂದು ಸಾಲದ ಕಂಪನಿಯಿಂದ ಸಾಲ ಎತ್ತಿ ಅಣ್ಣ ಆ ಒಲೆ ತಂದಿದ್ದ. ಹತ್ತೊಂಬತ್ತು ಕಂತು ಗಡಿಯಾರದ ಹಾಗೆ ಕಟ್ಟಿದ. ಆಮೇಲೆ ಇದ್ದಕ್ಕಿದ್ದಂತೆ ಐದು ಕಂತು ನಿಂತುಹೋದವು. ಕಂಪನಿ ಕಡತವನ್ನು ವಸೂಲಿ ಏಜೆನ್ಸಿಗೆ ದಾಟಿಸಿತು. ಆ ಏಜೆನ್ಸಿಯಿಂದ ದಿನಾ ಫೋನ್ ಮಾಡುವವನೊಬ್ಬನಿದ್ದ. ಅವನಿಗೆ ಅತ್ತಿಗೆ ‘ಎಣ್ಣೆ ದನಿ’ ಎಂದು ಹೆಸರಿಟ್ಟಿದ್ದಳು. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. “ಸರ್, ಊಟ ಆಯ್ತಾ ಸರ್? ಸಾಲದವರ ಊಟ ಹೇಗೆ ಇಳಿಯುತ್ತೋ ನನಗಂತೂ ಗೊತ್ತಾಗಲ್ಲ ಸರ್,” ಎನ್ನುವ ಜಾತಿ.

ಜುಲೈಯಲ್ಲಿ ಕಂಪನಿಯಿಂದ ಖಾತೆಯ ವಿವರ ಬಂದಾಗ ಅಣ್ಣ ಅದನ್ನು ಪೆನ್ನಮ್ಮನ ಕೈಗೆ ಕೊಟ್ಟ. ಅವಳು ಕರಡು ಓದುವ ಹಾಗೆಯೇ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಅಸಲು, ಬಡ್ಡಿ, ತಡವಾದ ದಂಡ. ಅದರ ಕೆಳಗೆ ‘ಮನೆ ಭೇಟಿ ಶುಲ್ಕ’ ಎಂದು ಹನ್ನೊಂದು ಸಾಲು. ಒಂದೊಂದಕ್ಕೆ ಮುನ್ನೂರ ಐವತ್ತು.

“ಅತ್ತಿಗೆ, ಹನ್ನೊಂದು ಸಲ ಯಾರು ಬಂದಿದ್ರು ಮನೆಗೆ?”

“ಯಾರೂ ಬಂದಿಲ್ಲವಲ್ಲ! ಬಂದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ? ನಾನು ಈ ಬಾಗಿಲು ದಾಟಿ ಎಷ್ಟು ದಿನ ಆಯ್ತೋ.”

ಪೆನ್ನಮ್ಮನ ಬೆರಳು ಎಂಟನೆಯ ಸಾಲಿನಲ್ಲಿ ನಿಂತಿತು. ಭೇಟಿ ದಿನಾಂಕ: ಜೂನ್ ೩೧.

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು. ಇಲ್ಲದ ದಿನದಂದು, ಬಾರದ ಮನುಷ್ಯ, ಇರುವ ಮನೆಗೆ ಬಂದು ಮುನ್ನೂರ ಐವತ್ತು ಹೇರಿ ಹೋಗಿದ್ದ. ಅಂದೇ ಕೂತು ತಕರಾರು ಪತ್ರ ಬರೆದಳು. ಹನ್ನೊಂದು ಭೇಟಿಗೂ ಬಂದವರ ಹೆಸರು, ಬಂದ ಹೊತ್ತು, ಮನೆಯವರ ಸಹಿ ತೋರಿಸಿ. ತೋರಿಸಲಾಗದಿದ್ದರೆ ಶುಲ್ಕ ತೆಗೆಯಿರಿ. ಜೂನ್ ತಿಂಗಳಿಗೆ ಎಷ್ಟು ದಿನ ಎಂಬುದನ್ನೂ ದಯವಿಟ್ಟು ಪರಿಶೀಲಿಸಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿ ರಸೀದಿಯನ್ನು ಜೋಪಾನ ಮಾಡಿದಳು.

ಹದಿನೆಂಟು ದಿನಕ್ಕೆ ಉತ್ತರ ಬಂತು. ‘ಮಾನ್ಯ ಶ್ರೀಮತಿಯವರೇ’ ಎಂದು ಅಣ್ಣನನ್ನು ಸಂಬೋಧಿಸಿತ್ತು. ತಮ್ಮ ಪತ್ರ ತಲುಪಿದೆ, ತಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ, ಲಗತ್ತಿಸಿರುವ ಕಷ್ಟದ ಅರ್ಜಿಯನ್ನು ತುಂಬಿ ಕಳಿಸಿ. ಭೇಟಿಯ ಸುದ್ದಿಯೇ ಇಲ್ಲ. ಲಗತ್ತೂ ಇಲ್ಲ. ಆ ಅರ್ಜಿ ಬೇಕೆಂದು ಅವಳು ಪ್ರೆಸ್ಸಿನಿಂದ ಊಟದ ಬಿಡುವಿನಲ್ಲಿ ಫೋನ್ ಮಾಡಿದಳು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಹೆಂಗಸಿನ ದನಿಯೊಂದು ನಲವತ್ತು ನಿಮಿಷ ಹೇಳಿತು. ಕೊನೆಗೆ ಸಿಕ್ಕ ಹುಡುಗಿ ಹದಿನಾಲ್ಕು ಅಂಕಿಯ ದೂರು ಸಂಖ್ಯೆಯೊಂದನ್ನು ಬರೆಸಿದಳು. ಮಾರನೆಯ ದಿನ ಆ ಸಂಖ್ಯೆ ಹೇಳಿದರೆ ಇನ್ನೊಬ್ಬ, “ಮೇಡಂ, ನಮ್ಮಲ್ಲಿ ಹನ್ನೆರಡೇ ಅಂಕಿ ಇರೋದು,” ಎಂದ. ಅಂದು ಅವಳು ಡಬ್ಬಿಯ ಊಟವನ್ನು ಹಾಗೇ ಮನೆಗೆ ತಂದಳು.

ಇಷ್ಟು ಸಾಲದೆಂಬಂತೆ ಅಣ್ಣನ ಕಾಟ ಬೇರೆ. ಎಣ್ಣೆ ದನಿ ಫೋನಿನಲ್ಲಿ ಎರಡು ಮಾತು ಸವರಿದರೆ ಸಾಕು, ಇವನು ಯಾರಿಗೂ ಹೇಳದೆ ಐನೂರೋ ಸಾವಿರವೋ ಕಟ್ಟಿಬಿಡುತ್ತಿದ್ದ. ಆ ಹಣ ನೇರ ಭೇಟಿ ಶುಲ್ಕಕ್ಕೆ ಜಮೆ.

“ನಾನು ಕೊಡಬೇಕಾಗಿಲ್ಲ ಅಂತ ಬರೀತಾ ಇದ್ದೀನಿ, ನೀನು ಹಿಂದಿನಿಂದ ಕೊಟ್ಟುಬಿಡ್ತೀಯ. ಕೊಟ್ಟವನು ಒಪ್ಪಿದ ಹಾಗೆ ಅಣ್ಣ! ನಾನು ಬರೆಯೋದು ಯಾವ ಚೆಂದಕ್ಕೆ?”

“ಫೋನ್ ನಿಲ್ಲಲಿ ಅಂತ ಕೊಟ್ಟೆ ಕಣೇ.”

“ನಿಲ್ತಾ?”

“ಎರಡು ದಿನ ಬರಲಿಲ್ಲ.”

ಅತ್ತಿಗೆ ಒಳಗಿನಿಂದ, “ಆ ಎರಡು ದಿನ ಶನಿವಾರ, ಭಾನುವಾರ,” ಎಂದಳು.

ಅಂತೂ ಅರ್ಜಿಯ ನಮೂನೆ ಬಂದು, ಇದೀಗ ಈ ಶನಿವಾರ ಬೆಳಿಗ್ಗೆ ಅದನ್ನು ತುಂಬಲು ಕೂತಿದ್ದರು. ಒಂಬತ್ತನೆಯ ಪ್ರಶ್ನೆ: ಸಂಪಾದನೆ ಕಡಿಮೆಯಾಗಲು ಕಾರಣವೇನು? ವಿವರವಾಗಿ ಬರೆಯಿರಿ.

“ವ್ಯಾಪಾರ ಮಂದ ಅಂತ ಬರಿ,” ಅಂದ ಅಣ್ಣ.

“ಹಲಗೆ ತುಂಬ ದವಡೆ ಇಟ್ಕೊಂಡು ವ್ಯಾಪಾರ ಮಂದ ಅಂತೀಯಾ? ಕೆಲಸ ಬರ್ತಾ ಇದೆ, ಸಂಪಾದನೆ ಇಲ್ಲ. ಯಾಕೆ?”

 ಅವನ ಎಡಗೈ ಮೇಜಿನ ಮೇಲಿತ್ತು. ಬಲಗೈ ತೊಡೆಯ ಕೆಳಗೆ. ಪೆನ್ನಮ್ಮ ಇದನ್ನು ಗಮನಿಸಿ ಕೆಲವು ವಾರಗಳೇ ಆಗಿದ್ದವು. ನೀರಿನ ಲೋಟವನ್ನು ಎಡಗೈಯಲ್ಲಿ ಎತ್ತುತ್ತಿದ್ದ. ಪೇಪರು ಓದುವಾಗ ಹಾಸಿಗೆಯ ಮೇಲೆ ಹರಡಿಕೊಂಡು ಓದುತ್ತಿದ್ದ. ಒಮ್ಮೆ ಅವನು ಮರೆತು ಬಲಗೈ ಚಾಚಿದಾಗ ಹೆಬ್ಬೆರಳು ಮತ್ತು ತೋರುಬೆರಳು, ಕಾಣದ ಮಾತ್ರೆಯೊಂದನ್ನು ಉರುಳಿಸುವ ಹಾಗೆ, ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದುದನ್ನು ಅವಳು ನೋಡಿದ್ದಳು.

“ಅಣ್ಣ, ಕೈಗೇನಾಗಿದೆ?”

“ಯಾವ ಕೈಗೆ?”

“ನೀನು ಯಾವುದರ ಮೇಲೆ ಕೂತಿದ್ದೀಯೋ, ಆ ಕೈಗೆ.”

“ಏನೂ ಆಗಿಲ್ಲ. ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂತಾ ಇದ್ದೀಯ,” ಎಂದು ಎದ್ದು ಒಳಗೆ ಹೋದ. ಹೋಗುವಾಗ ಕೈ ಜೇಬಿನಲ್ಲಿ.

ಪೆನ್ನಮ್ಮ ಹಲ್ಲು ಕಚ್ಚಿಕೊಂಡು ಯೋಚಿಸಿದಳು. ಈ ಮನುಷ್ಯ ಹೀಗೇ ಅಡಚಣೆ ಗಿಡಚಣೆ ಎಂದು ಬರೆಸಿದರೆ ಅರ್ಜಿ ಕಸದ ಬುಟ್ಟಿಗೆ. ಒಲೆ ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ಮನೆಯ ಸಾಮಾನು. ಆಗ ಅಳುತ್ತಾ ಕೂರುವವರು ಯಾರು? ಅವಳು ಪೆನ್ನೆತ್ತಿ ಒಂಬತ್ತನೆಯ ಪ್ರಶ್ನೆಗೆ ಬರೆದಳು: ‘ಅರ್ಜಿದಾರರ ಬಲಗೈ ಕೆಲವು ತಿಂಗಳಿಂದ ನಡುಗುತ್ತಿದ್ದು ಸೂಕ್ಷ್ಮ ಕೆಲಸ ಮಾಡಲಾಗುತ್ತಿಲ್ಲ. ವೈದ್ಯರ ಪತ್ರವನ್ನು ಆಮೇಲೆ ಸಲ್ಲಿಸಲಾಗುವುದು.’ ಮೇಲೆ ‘ಗೌಪ್ಯ’ ಎಂದು ಬರೆದು ಅಡಿಗೆರೆ ಎಳೆದಳು.

ಅಣ್ಣ ವಾಪಸು ಬಂದಾಗ, “ನೀನು ಹೇಳಿದ ಹಾಗೇ ಹಾಕಿದ್ದೀನಿ, ಸಹಿ ಮಾಡು,” ಎಂದು ಕೊನೆಯ ಪುಟವನ್ನು ಮಾತ್ರ ಮುಂದಿಟ್ಟಳು. ಅವನು ಕನ್ನಡಕ ಹಾಕಿಕೊಳ್ಳದೆ ಸಹಿ ಮಾಡಿದ. ಸಹಿಯ ಬಾಲ ಕೆಳಗಿನ ಗೆರೆ ದಾಟಿ ಅಂಚಿನವರೆಗೆ ಜಾರಿತು. ಅವಳು ಬೇರೆ ಕಡೆ ನೋಡಿದಳು. ತಾನು ಮಾಡಿದ್ದು ಸರಿಯೆಂದು ಅಂಚೆ ಕಚೇರಿಯವರೆಗೂ ತನಗೆ ತಾನೇ ಹೇಳಿಕೊಂಡು ಹೋದಳು.

ಎರಡು ವಾರ ಕಳೆದು, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಪ್ರೆಸ್ಸಿಗೆ ಅಣ್ಣನ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಎಂದೂ ಮಾಡಿದವನಲ್ಲ. “ಬಾ,” ಎಂದು ಒಂದೇ ಮಾತು ಹೇಳಿ ಇಟ್ಟುಬಿಟ್ಟ.

ಅವಳು ಹೋದಾಗ ಗೋಡೆಯ ಹಲಗೆ ಅರ್ಧ ಖಾಲಿಯಾಗಿತ್ತು. ದವಡೆಗಳಿದ್ದ ಜಾಗದಲ್ಲಿ ಪುಡಿಯ ಮೇಲೆ ಕುದುರೆ ಲಾಳದಂಥ ಗುರುತುಗಳು. ಅಣ್ಣನಿಗೆ ಹೆಚ್ಚು ಕೆಲಸ ಕೊಡುತ್ತಿದ್ದುದು ಊರಿನ ಹಿರಿಯ ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿನ ಕಂಪೌಂಡರ್ ಬಂದು, ಅರ್ಧ ಆಗಿದ್ದು, ಆಗದೆ ಇದ್ದದ್ದು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು ಹೋಗಿದ್ದ. ಒಂದು ಚೀಟಿ ಬಿಟ್ಟಿದ್ದ: ‘ಸದ್ಯಕ್ಕೆ ಕೆಲಸ ನಿಲ್ಲಿಸಿ.’

“ವಸೂಲಿಯವನು ಡಾಕ್ಟರಿಗೆ ಫೋನ್ ಮಾಡಿದ್ನಂತೆ,” ಅಂದ ಅಣ್ಣ. ದನಿ ಏರಲಿಲ್ಲ. “ಸಾಲ ತಗೊಳ್ಳುವಾಗ ಪರಿಚಯದವರು ಅಂತ ಅವರ ನಂಬರ್ ಕೊಟ್ಟಿದ್ದೆ. ‘ಕೈ ನಡುಗೋರ ಹತ್ರ ಹಲ್ಲು ಮಾಡಿಸ್ತಿದ್ದೀರಂತೆ ಡಾಕ್ಟ್ರೇ, ನಿಮ್ಮ ರೋಗಿಗಳಿಗೆ ಗೊತ್ತಾ,’ ಅಂದ್ನಂತೆ. ಅವನಿಗೆ ಹೇಗೆ ಗೊತ್ತಾಯ್ತು ಪುಟ್ಟಿ?”

ಪೆನ್ನಮ್ಮ ಕಿವಿಯ ಹಿಂದಿನ ಕೆಂಪು ಪೆನ್ನು ತೆಗೆದು ಚೀಲಕ್ಕೆ ಹಾಕಿದಳು.

“ನೀನು ಬರೆದೆಯಾ?”

“ಬರೆದೆ.”

“ನನ್ನ ಕೇಳದೆ?”

“ಕೇಳಿದೆನಲ್ಲ ಅಣ್ಣ! ಯಾವ ಕೈಗೆ ಅಂದೆ ನೀನು! ಗೌಪ್ಯ ಅಂತ ಬರೆದಿದ್ದೆ, ಅಡಿಗೆರೆ...”

“ಅಡಿಗೆರೆ!” ಅಂದ ಅವನು. ಆ ಒಂದು ಪದ ಹೇಳಿ ಗೋಡೆಯ ಕಡೆ ತಿರುಗಿ ಕೂತ. ಬಲಗೈಯನ್ನು ಈಗ ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಅದು ಮೊಣಕಾಲ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು.

ಆಗ ಒಳಬಾಗಿಲಲ್ಲಿ ಅತ್ತಿಗೆ ಬಂದು ನಿಂತಳು. ಕೈಯಲ್ಲಿ ಮೇಣ ಕೆತ್ತುವ ಸಣ್ಣ ಚಾಕು. ಬೆರಳುಗಳ ಸಂದಿನಲ್ಲೆಲ್ಲ ಗುಲಾಬಿ ಬಣ್ಣದ ಮೇಣ. ಪೆನ್ನಮ್ಮ ಚಾಕು ನೋಡಿದಳು, ಬೆರಳು ನೋಡಿದಳು, ಅಡುಗೆಮನೆಯ ಮೇಜಿನ ಮೇಲಿದ್ದ ಅರ್ಧ ಕೆತ್ತಿದ ದವಡೆ ನೋಡಿದಳು. ಸಾವಿರಾರು ಪುಟಗಳಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪಿಸಿಕೊಳ್ಳದಂತೆ ಹಿಡಿದವಳಿಗೆ ಇದು ಕಾಣದೆ ಹೋಗಿತ್ತು.

“ಎಂಟು ತಿಂಗಳಾಯ್ತು,” ಅಂದಳು ಅತ್ತಿಗೆ. “ಇವರು ಪಕ್ಕದಲ್ಲಿ ಕೂತು ಹೇಳ್ತಾರೆ, ನಾನು ಮಾಡ್ತೀನಿ. ಮೊದಮೊದಲು ಒಂದಕ್ಕೆ ನಾಲ್ಕು ಸಲ ಹಾಳಾಗ್ತಿತ್ತು. ಸಾಮಾನಿಗೇ ದುಡ್ಡೆಲ್ಲ ಹೋಯ್ತು, ಅದಕ್ಕೇ ಕಂತು ನಿಂತಿದ್ದು. ಈಗ ಕೈ ಕೂತಿದೆ. ಇನ್ನು ಎರಡು ತಿಂಗಳು ಹೀಗೇ ಹೋಗಿದ್ರೆ ನಾವೇ ಎಲ್ಲ ಕಟ್ಟಿಬಿಡ್ತಿದ್ವಿ.”

“ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತಿಗೆ?”

“ನೀವು ಒಂದು ಮಾತು ನನ್ನ ಕೇಳಬಾರದಿತ್ತಾ? ಬರೀಬೇಕಾದ್ದು ಎಲ್ಲ ಇವರ ಹತ್ರ ಕೇಳ್ತೀರಿ. ಇವರು ಯಾವತ್ತು ಸರಿಯಾಗಿ ಉತ್ತರ ಕೊಟ್ಟಿದ್ದಾರೆ? ಪಕ್ಕದ ಕೋಣೆಯಲ್ಲೇ ಇದ್ದೆನಲ್ಲ ನಾನು.”

ಪೆನ್ನಮ್ಮ ಚೀಲ ಎತ್ತಿಕೊಂಡು ಹೊರಬಿದ್ದಳು. ದಾರಿಯಲ್ಲಿ ನಡೆಯುತ್ತಾ ಮೊದಲು ಅಣ್ಣನ ಮೇಲೆ ಸಿಟ್ಟು ಬಂತು, ಆಮೇಲೆ ಎಣ್ಣೆ ದನಿಯ ಮೇಲೆ, ಕೋಣೆಯ ಬೀಗ ತೆಗೆಯುವ ಹೊತ್ತಿಗೆ ತನ್ನ ಮೇಲೆ.

ಮಾರನೆಯ ದಿನ ರಜೆ ಹಾಕಿ ಮತ್ತೆ ಅಣ್ಣನ ಮನೆಗೆ ಹೋದಳು. ಅಣ್ಣ ಅವಳ ಮುಖ ನೋಡಲಿಲ್ಲ. ಅತ್ತಿಗೆ ಮಾತ್ರ ಸೀರೆ ಬದಲಾಯಿಸಿ, ಚಾಕು, ಮೇಣ, ಸ್ಪಿರಿಟ್ ದೀಪ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟು ನಿಂತಿದ್ದಳು.

“ಡಾಕ್ಟರ ಹತ್ರ ಹೋಗ್ತಾ ಇದ್ದೀನಿ. ಬರೋದಿದ್ರೆ ಬನ್ನಿ. ಆದ್ರೆ ಅಲ್ಲಿ ಮಾತಾಡೋದು ನಾನು.”

ಹಿರಿಯ ಡಾಕ್ಟರು ಎಪ್ಪತ್ತು ದಾಟಿದವರು. ಸಿಡುಕು ಮೂಗಿನ ತುದಿಯಲ್ಲೇ ಇರುತ್ತಿತ್ತು. ಇವರಿಬ್ಬರನ್ನೂ ಒಂದು ಗಂಟೆ ಹೊರಗೆ ಕೂರಿಸಿ ಆಮೇಲೆ ಒಳಗೆ ಕರೆದರು. ಅತ್ತಿಗೆ ಪೀಠಿಕೆ ಗೀಠಿಕೆ ಇಲ್ಲದೆ, “ಎಂಟು ತಿಂಗಳಿಂದ ನಿಮಗೆ ಬರ್ತಾ ಇರೋ ಸೆಟ್ ಎಲ್ಲ ನಾನು ಮಾಡಿದ್ದು. ಕೆಟ್ಟಿದ್ರೆ ಹೇಳಿ,” ಎಂದಳು.

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. “ಮೊದಲ ಎರಡು ತಿಂಗಳು ಕೆಟ್ಟಿತ್ತು. ನಾನೇ ಕೂತು ಉಜ್ಜಿ ಉಜ್ಜಿ ಸರಿಮಾಡಿದ್ದೀನಿ. ನಿಮ್ಮ ಯಜಮಾನರಿಗೆ ವಯಸ್ಸಾಯ್ತು ಅಂದ್ಕೊಂಡೆ. ಆಮೇಲೆ ಚೆನ್ನಾಗಾಯ್ತು. ಚಾಕು ಬದಲಾಯಿಸಿದ್ರೇನೋ ಅಂದ್ಕೊಂಡೆ.”

“ಚಾಕು ಅದೇ.”

“ಹೇಳಬೇಕಿತ್ತು ನನಗೆ! ಯಾರೋ ದಾರಿಹೋಕ ಫೋನ್ ಮಾಡಿ ನನ್ನ ಕೆಲಸದ ಬಗ್ಗೆ ನನಗೇ ಹೇಳಿದ. ನಲವತ್ತು ವರ್ಷದಲ್ಲಿ ನನ್ನ ಹತ್ರ ಹೀಗೆ ಯಾರೂ ಮಾತಾಡಿಲ್ಲ.” ಅವರು ಮೂಲೆಯ ಸ್ಟೂಲು ತೋರಿಸಿದರು. “ಅಲ್ಲಿ ಕೂತು ಒಂದು ಮಾಡಿ ತೋರಿಸಿ.”

ಅತ್ತಿಗೆ ಕೂತಳು. ಹಲ್ಲು ಕೀಳಿಸಿಕೊಳ್ಳಲು ಬಂದವರು, ಹಲ್ಲು ತುಂಬಿಸಿಕೊಳ್ಳಲು ಬಂದವರು, ದವಡೆ ಹಿಡಿದುಕೊಂಡೇ ಬಾಗಿಲಿನಿಂದ ಇಣುಕಿದರು. ದೀಪಕ್ಕೆ ಚಾಕು ಹಿಡಿಯುವುದು, ಮೇಣ ತೆಗೆಯುವುದು, ತಿರುಗಿಸಿ ನೋಡುವುದು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ದವಡೆ ಹಲ್ಲು ಎದ್ದು ನಿಂತವು. ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿ, “ಅರ್ಧ ಕೆಲಸ ವಾಪಸು ಕೊಡ್ತೀನಿ. ಇನ್ನರ್ಧ ಈ ತಿಂಗಳು ನೋಡಿ ಆಮೇಲೆ,” ಎಂದರು. ಬೇರೆ ಹೊಗಳಿಕೆ ಇಲ್ಲ.

ಪೆನ್ನಮ್ಮ ಅಷ್ಟು ಹೊತ್ತೂ ತುಟಿ ಬಿಚ್ಚಿರಲಿಲ್ಲ. ಈಗ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ತಲೆಯಾಡಿಸಿದಳು.

“ಡಾಕ್ಟ್ರೇ, ಆ ಫೋನ್ ಬಂದಿದ್ದು ಯಾವತ್ತು, ಯಾವ ನಂಬರಿನಿಂದ, ಅವನು ಏನು ಹೇಳಿದ ಅಂತ ನಿಮ್ಮ ಕೈಯಾರೆ ಬರೆದು ಕೊಡ್ತೀರಾ?”

“ಅದೊಂದು ಸಂತೋಷದಿಂದ ಕೊಡ್ತೀನಿ,” ಎಂದು ಅವರು ತಮ್ಮ ಕಾಗದ ಎಳೆದು ಸರಸರ ಬರೆದರು. ಪೆನ್ನಮ್ಮ ಅದನ್ನು ಕೈಗೆ ತೆಗೆದುಕೊಂಡು ನೋಡಿದರೆ ಒಂದು ಅಕ್ಷರ ಅರ್ಥವಾದರೆ ಕೇಳಿ. ಇರುವೆಗಳು ಮಸಿಯಲ್ಲಿ ಬಿದ್ದೆದ್ದು ಮೆರವಣಿಗೆ ಹೋದ ಹಾಗಿತ್ತು. ಇನ್ನೊಂದು ಸಲ ಬಿಡಿಸಿ ಬರೆಯಿರಿ ಎಂದಳು. ಅವರು ಗೊಣಗಿ ಬರೆದರು. ಅದರಲ್ಲಿ ಇಸವಿ ತಪ್ಪಿತ್ತು. ಮೂರನೆಯ ಸಲ ಅವಳು ಹೇಳಿದಳು, ಅವರು ಹಲ್ಲು ಕಡಿಯುತ್ತಾ ಶಾಲೆ ಹುಡುಗನ ಹಾಗೆ ಬರೆದುಕೊಂಡರು.

ಅಂದು ಮಧ್ಯಾಹ್ನ ಅತ್ತಿಗೆಯ ಅಡುಗೆಮನೆಯಲ್ಲಿ ಕೂತು ಅವಳು ಪತ್ರ ಬರೆದಳು. ಕಂಪನಿಯ ದೂರು ಅಧಿಕಾರಿಗೆ ಒಂದು, ಸಾಲದ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಕಚೇರಿಗೆ ಒಂದು ಪ್ರತಿ. ಈ ಸಲ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದಳು. ಮುಂದಿನ ಕೋಣೆಯಲ್ಲಿ ಅಣ್ಣ ಬೆನ್ನು ಮಾಡಿ ಕೂತಿದ್ದ. ಕೇಳಿಸದ ಹಾಗೆ ಇದ್ದನಾದರೂ ಅವಳು ಓದುವಾಗೆಲ್ಲ ಅವನ ಕುರ್ಚಿಯ ಕಿರುಗುಟ್ಟುವಿಕೆ ನಿಲ್ಲುತ್ತಿತ್ತು.

“‘ಕೈ ನಡುಗುತ್ತದೆ’ ಅಂತ ಇದರಲ್ಲಿ ಇರಲಾ ಬೇಡವಾ?” ಎಂದು ಅವಳು ಬೇಕೆಂದೇ ಜೋರಾಗಿ ಕೇಳಿದಳು.

ಮುಂದಿನ ಕೋಣೆಯಲ್ಲಿ ಕುರ್ಚಿ ಕಿರುಗುಟ್ಟಿತು. “ಊರಿಗೆಲ್ಲ ಗೊತ್ತಾಯ್ತಲ್ಲ, ಇರಲಿ ಅನ್ನು ಅವಳಿಗೆ,” ಎಂದು ಅಣ್ಣನ ದನಿ ಹೆಂಡತಿಗೆ ಹೇಳಿತು.

ಪೆನ್ನಮ್ಮ ಮುಂದೆ ಓದಿದಳು: “‘ಸದ್ಯ ಅರ್ಜಿದಾರರ ಪತ್ನಿ ಕೆಲಸದಲ್ಲಿ ನೆರವಾಗುತ್ತಿದ್ದಾರೆ.’”

“ನೆರವಾಗ್ತಿಲ್ಲ,” ಅಂದಳು ಅತ್ತಿಗೆ, ಒಲೆಯ ಕಡೆ ತಿರುಗಿಕೊಂಡೇ. “ಮಾಡ್ತಿದ್ದಾರೆ ಅಂತ ಬರೀರಿ.”

ಅವಳು ತಿದ್ದಿದಳು. ಭೇಟಿಗಳ ಸಂಗತಿಯನ್ನೂ ಬಿಡಲಿಲ್ಲ. ಗೌಪ್ಯವೆಂದು ಬರೆದ ಕಾಯಿಲೆಯ ವಿಷಯ ವಸೂಲಿಯವನ ಕೈಗೆ ಹೇಗೆ ಹೋಯಿತು, ಸಾಲಕ್ಕೆ ಸಂಬಂಧವಿಲ್ಲದ ಮೂರನೆಯವರಿಗೆ ಅವನು ಅದನ್ನು ಹೇಳಿದ್ದು ಯಾವ ನಿಯಮದಲ್ಲಿ, ಆ ಒಂದು ಫೋನಿನಿಂದ ಈ ಮನೆಗೆ ಆದ ನಷ್ಟ ಎಷ್ಟು, ಎಲ್ಲವನ್ನೂ ದಿನಾಂಕ ಸಮೇತ ಬರೆದಳು. ‘ದಯವಿಟ್ಟು’ ಒಂದು ಸಲವೂ ಬರಲಿಲ್ಲ.

ಉತ್ತರಕ್ಕೆ ನಲವತ್ಮೂರು ದಿನ ಹಿಡಿಯಿತು. ಆ ನಲವತ್ಮೂರು ದಿನದಲ್ಲಿ ಅವಳು ಹನ್ನೆರಡು ಸಲ ಫೋನ್ ಮಾಡಿದಳು. ಒಬ್ಬ ಪತ್ರವೇ ಬಂದಿಲ್ಲ ಎಂದ. ಅಂಚೆಯ ಸ್ವೀಕೃತಿ ಇದೆ ಎಂದಾಗ ಬಂದಿದೆ, ಆದರೆ ಓದುವವರು ರಜೆಯಲ್ಲಿದ್ದಾರೆ ಎಂದ. ಇನ್ನೊಬ್ಬಳು ಅರ್ಜಿದಾರರೇ ಮಾತಾಡಬೇಕು ಎಂದಳು. ಅಣ್ಣ ತಂಗಿಯೊಡನೆ ಮಾತು ಬಿಟ್ಟಿದ್ದುದರಿಂದ ಅತ್ತಿಗೆಯ ಮೂಲಕ ಹೇಳಿಸಿ ಅವನಿಗೆ ಫೋನ್ ಹಿಡಿಸಬೇಕಾಯಿತು. ಎಣ್ಣೆ ದನಿಯ ಫೋನ್ ಮಾತ್ರ ಸರ್ಕಾರಿ ಕಚೇರಿಗೆ ಪ್ರತಿ ಹೋದ ವಾರವೇ ಥಟ್ಟನೆ ನಿಂತಿತ್ತು. ಅತ್ತಿಗೆ ಮೂರು ದಿನ ನಂಬದೆ ಫೋನು ಕೆಟ್ಟಿದೆಯೇನೋ ಎಂದು ಎತ್ತಿ ಎತ್ತಿ ನೋಡಿದಳು.

ಕೊನೆಗೆ ಬಂದ ಪತ್ರ ಅರ್ಧ ಪುಟದ್ದು. ‘ತಾಂತ್ರಿಕ ದೋಷದಿಂದ’ ಸೇರಿದ್ದ ಹನ್ನೊಂದು ಭೇಟಿಗಳ ಶುಲ್ಕ ರದ್ದು. ಅದಕ್ಕೆಂದು ಜಮೆಯಾದ ಹಣ ಅಸಲಿಗೆ. ಒಂದು ವರ್ಷದ ಮಟ್ಟಿಗೆ ಕಂತು ಅರ್ಧ. ಕಡತವನ್ನು ಏಜೆನ್ಸಿಯಿಂದ ಹಿಂತೆಗೆದುಕೊಳ್ಳಲಾಗಿದೆ. ಡಾಕ್ಟರಿಗೆ ಫೋನ್ ಮಾಡಿದ್ದರ ಬಗ್ಗೆ ‘ಸಂಬಂಧಪಟ್ಟವರಿಗೆ ಸೂಕ್ತ ತಿಳಿವಳಿಕೆ ನೀಡಲಾಗಿದೆ.’ ಕ್ಷಮೆ ಎಂಬ ಪದ ಎಲ್ಲೂ ಇರಲಿಲ್ಲ. ಪೆನ್ನಮ್ಮ ಅದನ್ನು ಎರಡು ಸಲ ಓದಿದಳು. ಒಂದು ತಿಂಗಳಿಗೆ ಮೂವತ್ತೊಂದನೆಯ ದಿನ ಹುಟ್ಟಿಸುವ ದೋಷ ಯಂತ್ರಕ್ಕೆ ಬರುವುದಿಲ್ಲ, ಯಾರೋ ಕೂತು ಕೈಯಿಂದ ಬರೆದಿರಬೇಕು ಎಂದು ಇನ್ನೊಂದು ಪತ್ರ ಹಾಕುವ ಮನಸ್ಸಾಯಿತು. ಅತ್ತಿಗೆ, “ಸಾಕು ಬಿಡಿ, ಊಟಕ್ಕೆ ಏಳಿ,” ಎಂದು ಪೆನ್ನು ಕಿತ್ತುಕೊಂಡಳು.

ಅಣ್ಣನ ಮೌನ ಮಾತ್ರ ಮುರಿಯಲಿಲ್ಲ. ಅವಳು ತಪ್ಪಾಯಿತು ಅಂದಿದ್ದಳು. ಒಂದು ಸಲ ಎದುರಿಗೆ, ಒಂದು ಸಲ ಅವನ ಬೆನ್ನಿಗೆ. ಅವನು ಹೂಂ ಎಂದೂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಅತ್ತಿಗೆ ಹಟ ಹಿಡಿದು ನರದ ಡಾಕ್ಟರ ಬಳಿ ಅವನಿಗೆ ಹೊತ್ತು ಗೊತ್ತುಮಾಡಿಸಿದ್ದಳು. ಆದರೆ ಆ ದಿನ ಬೆಳಿಗ್ಗೆ ಹಿರಿಯ ಡಾಕ್ಟರು ಉಳಿದರ್ಧ ಕೆಲಸವನ್ನೂ ಒಂದೇ ಪೆಟ್ಟಿಗೆಯಲ್ಲಿ ಕಳಿಸಿಬಿಟ್ಟರು. ಅವಳಿಗೆ ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ. ಹೀಗಾಗಿ ಪೆನ್ನಮ್ಮನೇ ಜೊತೆಗೆ ಹೊರಟಳು. ಬಸ್ಸಿನಲ್ಲಿ ಇಬ್ಬರೂ ಒಂದೊಂದು ಕಿಟಕಿಯ ಹೊರಗೆ ನೋಡಿದರು.

ಕಾಯುವ ಕೋಣೆಯಲ್ಲಿ ನರ್ಸ್ ಒಂದು ಫಾರಂ ತಂದು ಅಣ್ಣನ ಕೈಗೆ ಕೊಟ್ಟಳು. ಅವನು ಅದನ್ನು ನೋಡಿದ. ಪೆನ್ನು ಹಿಡಿಯಲು ನೋಡಿದ. ಆಮೇಲೆ ಫಾರಂ ತಂಗಿಯ ಮಡಿಲಿಗೆ ಹಾಕಿದ.

“ನೀನು ಹೇಳಿದಷ್ಟೇ ಬರೀತೀನಿ,” ಅಂದಳು ಪೆನ್ನಮ್ಮ. “ಒಂದಕ್ಷರ ಹೆಚ್ಚಿಲ್ಲ. ತೊಂದರೆ ಯಾವಾಗ ಶುರುವಾಯ್ತು?”

ಅವನು ಗಂಟಲು ಸರಿಮಾಡಿಕೊಂಡ.

“ಬರ್ಕೋ. ಹೋದ ವರ್ಷ ಒಬ್ಬ ನಿವೃತ್ತ ಮೇಷ್ಟ್ರ ಮೇಲಿನ ಸೆಟ್ ಮಾಡ್ತಾ ಇದ್ದೆ. ಕೋರೆಹಲ್ಲಿನ ಹತ್ರ ಬಂದಾಗ ಚಾಕು ಜಾರ್ತು. ಸಣ್ಣದಾಗಿ. ನನಗೆ ಚಾಕು ಜಾರೋದು ಅಂದ್ರೇನು ಪುಟ್ಟಿ? ಮೂವತ್ತೊಂದು ವರ್ಷದಲ್ಲಿ ಜಾರಿಲ್ಲ. ಕರೆಂಟು ಹೆಚ್ಚುಕಡಿಮೆ ಆಗಿ ದೀಪ ಆಡ್ತೇನೋ ಅಂದ್ಕೊಂಡೆ...”

ಪಕ್ಕದಲ್ಲಿ ಕೂತಿದ್ದ ಮುದುಕಿ ಅವನ ಕಡೆ ತಿರುಗಿದಳು. ಅವನು ಅವಳಿಗೂ ಸೇರಿಸಿ ಹೇಳತೊಡಗಿದ. ಕೈ ಎತ್ತಿ ತೋರಿಸಿದ. ಎದುರಿನ ಬೆಂಚಿನವನೊಬ್ಬ, ನಮ್ಮ ಮಾವನಿಗೂ ಹೀಗೇ ಶುರುವಾಗಿದ್ದು ಎಂದ. ಅಣ್ಣ ಎದ್ದುಹೋಗಿ ಅವನ ಪಕ್ಕದಲ್ಲೇ ಕೂತು, ನಿಮ್ಮ ಮಾವನಿಗೆ ಯಾವ ಕೈ ಎಂದು ವಿಚಾರಿಸಿದ. ಒಲೆಯ ಕಥೆ ಬಂತು, ಸಾಲದ ಕಥೆ ಬಂತು, ಹೆಂಡತಿ ಡಾಕ್ಟರ ಮುಂದೆ ಸ್ಟೂಲಿನ ಮೇಲೆ ಕೂತು ಹಲ್ಲು ಕೆತ್ತಿದ ಕಥೆ ಬಂತು. ತಾನು ಅಲ್ಲಿ ಇರದೆ ಹೋದರೂ ಕಣ್ಣಾರೆ ಕಂಡ ಹಾಗೆ ವರ್ಣಿಸಿದ. ನಾಲ್ಕು ಹಲ್ಲು ಅವನ ಬಾಯಲ್ಲಿ ಹದಿನಾಲ್ಕಾದವು. “ನನ್ನ ತಂಗಿ ಇದ್ದಾಳಲ್ಲ, ಇವಳು, ಒಂದು ಕಾಗದ ಬರೆದು ಮನೆ ಹಾಳುಮಾಡಿದ್ಲು, ಇನ್ನೊಂದು ಬರೆದು ಉಳಿಸಿದ್ಲು,” ಎಂದು ಇಡೀ ಕೋಣೆಗೆ ಬೆರಳು ಮಾಡಿ ತೋರಿಸಿದ. ಎಲ್ಲರೂ ತಿರುಗಿ ನೋಡಿದರು.

“ಅಣ್ಣ, ಫಾರಮ್ಮಿನಲ್ಲಿ ಎರಡೇ ಗೆರೆ ಜಾಗ ಇರೋದು,” ಅಂದಳು ಪೆನ್ನಮ್ಮ.

“ಹಿಂದೆ ಖಾಲಿ ಇದೆಯಲ್ಲ, ಅಲ್ಲಿ ಬರಿ.”

ಅವಳು ಫಾರಂ ಮಗುಚಿದಳು. ನರ್ಸ್ ಬಾಗಿಲಿಂದ ಎರಡನೆಯ ಸಲ ಅವನ ಸರದಿ ಕೂಗಿದಳು. ಅವನು ಕೈ ಎತ್ತಿ, “ಒಂದೇ ನಿಮಿಷ ತಾಯಿ, ಬಂದೆ,” ಎಂದು ಮಾವನ ಔಷಧಿಯ ಹೆಸರು ಕೇಳುವುದರಲ್ಲಿ ಮುಳುಗಿದ. ಪೆನ್ನಮ್ಮ ಎದ್ದುಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿ, ಒಳಗೆ ನಡೆಸಿಕೊಂಡು ಹೋದಳು.